ಕೋಳಿಗಳು ಮತ್ತೆ ಮತ್ತೆ ರೋಗಕ್ಕೆ ಬೀಳುತ್ತಿವೆಯೇ? ತಳಿಯ ದೋಷವನ್ನೂ ಗೂಡಿನ ದೋಷವನ್ನೂ ಬೇರ್ಪಡಿಸಿ ನೋಡುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ನಮ್ಮ ಅಡಕೆ ತೋಟಗಳ ಮನೆಗಳಲ್ಲಿ ಈಗ ಒಂದೇ ಅಂಗಳದಲ್ಲಿ ಮೂರು ಬಗೆಯ ಕೋಳಿಗಳು ಮೇಯುವುದುಂಟು: ಹಿಂದಿನಿಂದ ಬಂದ ಊರ ಕೋಳಿ, ಗಿರಿರಾಜ ಅಥವಾ ಗ್ರಾಮಪ್ರಿಯದಂತಹ ಸುಧಾರಿತ ತಳಿ, ಮಾಂಸಕ್ಕೆಂದು ತಂದ ಬಾಯ್ಲರ್. ಮಳೆಗಾಲದಲ್ಲಿ ಇವು ಸಾಯತೊಡಗಿದಾಗ ಕೇಳಿಬರುವ ತೀರ್ಪುಗಳು ಎರಡೇ. ಬಾಯ್ಲರಿಗೆ ತಾಕತ್ತಿಲ್ಲ ಎಂಬುದು ಒಂದು, ಊರ ಕೋಳಿಗೆ ಏನೂ ಆಗುವುದಿಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ, ಆ ಅರ್ಧ ಸತ್ಯವನ್ನು ನಂಬಿ ಕೂತವರ ಗೂಡು ಖಾಲಿಯಾಗುತ್ತದೆ. ತಳಿ ಆಯ್ಕೆಯಿಂದ ಕೋಳಿಯ ರೋಗನಿರೋಧಕ ಶಕ್ತಿಯಲ್ಲಿ ಬದಲಾವಣೆ ಆಗಿರುವುದು ನಿಜ. ಆದರೆ ನಿಮ್ಮ ಗೂಡಿನಲ್ಲಿ ಇವತ್ತು ನಡೆಯುತ್ತಿರುವ ಸಾವಿಗೆ ಅದೇ ಕಾರಣವೆಂದು ಹೇಳುವ ಮೊದಲು ನೀರು, ನೆಲ, ಆಹಾರ, ಲಸಿಕೆ ಇವನ್ನು ಒಂದೊಂದಾಗಿ ನೋಡಿ ತಳ್ಳಿಹಾಕಬೇಕು. ಈ ಕೈಪಿಡಿಯ ಕ್ರಮವೂ ಅದೇ: ಖರ್ಚಿಲ್ಲದ ಪರೀಕ್ಷೆ ಮೊದಲು, ತಳಿಯ ಮಾತು ಕೊನೆಗೆ.

ಪರೀಕ್ಷೆಗೆ ಇಳಿಯದೆ ಕೂಡಲೇ ಕರೆ ಮಾಡಬೇಕಾದ ಲಕ್ಷಣಗಳು

ಒಂದೆರಡು ದಿನಗಳಲ್ಲಿ ಎಲ್ಲ ವಯಸ್ಸಿನ, ಎಲ್ಲ ತಳಿಯ ಕೋಳಿಗಳೂ ಸಾಲಾಗಿ ಸಾಯುತ್ತಿದ್ದರೆ, ಜುಟ್ಟು ನೀಲಿಗಟ್ಟಿದ್ದರೆ, ಮುಖ ಊದಿಕೊಂಡಿದ್ದರೆ, ಕಾಲಿನ ಚರ್ಮದಡಿ ರಕ್ತ ಹೆಪ್ಪುಗಟ್ಟಿದಂತೆ ಕಂಡರೆ, ಅಥವಾ ಕೋಳಿಗಳ ಜೊತೆಗೆ ಬಾತುಕೋಳಿ, ಕಾಗೆಗಳೂ ಸತ್ತು ಬಿದ್ದಿದ್ದರೆ ಮುಂದಿನ ಯಾವ ವಿಭಾಗವನ್ನೂ ಓದುತ್ತ ಕೂರಬೇಡಿ. ಹಕ್ಕಿಜ್ವರದ ಸಾಧ್ಯತೆ ಇರುವಾಗ ಅದು ಮನೆಯಲ್ಲಿ ಬಗೆಹರಿಯುವ ವಿಷಯವಲ್ಲ. ಕೇರಳದ ಕುಟ್ಟನಾಡಿನಲ್ಲಿ 2014ರಿಂದೀಚೆಗೆ ಹಲವು ಬಾರಿ ಈ ರೋಗ ಕಾಣಿಸಿಕೊಂಡಿದೆ. ಅದನ್ನು ಖಚಿತಪಡಿಸುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯ. ನಿಮ್ಮ ಪಂಚಾಯತಿನ ಮೃಗಾಸ್ಪತ್ರೆಗೆ ತಿಳಿಸಿ, ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ, ಕೊಯ್ಯದೆ, ತೋಡಿಗೆ ಎಸೆಯದೆ, ಮಕ್ಕಳನ್ನೂ ನಾಯಿಗಳನ್ನೂ ದೂರವಿಟ್ಟು ಕಾಯಿರಿ. ಉಳಿದ ಕೋಳಿಗಳನ್ನು ಅವಸರದಲ್ಲಿ ಮಾರುವುದು ರೋಗವನ್ನು ಪಕ್ಕದ ಊರಿಗೆ ಕಳುಹಿಸಿದಂತೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ತಳಿ ಆಯ್ಕೆಯಿಂದ ಆದ ಬದಲಾವಣೆ: ಲಕ್ಷಣಗಳನ್ನು ಓದಲು ಬೇಕಾದಷ್ಟು

ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ಮಾಂಸದ ಕೋಳಿಗಳ ವಂಶಗಳನ್ನು ಒಂದೇ ಆಹಾರ ಕೊಟ್ಟು ಬೆಳೆಸಿ ತೂಗಿದರು. 56 ದಿನಗಳಲ್ಲಿ ಅವು ಕ್ರಮವಾಗಿ 905 ಗ್ರಾಂ, 1,808 ಗ್ರಾಂ, 4,202 ಗ್ರಾಂ ತೂಗಿದವು. ಆಹಾರ ಒಂದೇ ಆಗಿದ್ದುದರಿಂದ ಈ ವ್ಯತ್ಯಾಸ ಬಂದದ್ದು ಮೇವಿನಿಂದಲ್ಲ, ಪೀಳಿಗೆಯಿಂದ ಪೀಳಿಗೆಗೆ ದಪ್ಪ ಹಕ್ಕಿಯನ್ನೇ ಆರಿಸಿ ಮುಂದುವರಿಸಿದ್ದರಿಂದ. ತಿಂದ ಆಹಾರ ಮಾಂಸಕ್ಕೂ ಸಲ್ಲಬೇಕು, ರೋಗದೊಡನೆ ಹೋರಾಡುವ ಕಣಗಳಿಗೂ ಸಲ್ಲಬೇಕು. ನೂರು ಪೀಳಿಗೆಯಾದರೂ ಆರಿಸುವವನ ಕಣ್ಣು ಮಾಂಸದ ಮೇಲೇ ಇದ್ದರೆ ಪಾಲು ಆ ಕಡೆಗೇ ವಾಲುತ್ತದೆ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1957ರ ವಂಶವನ್ನೂ 2001ರ ಬಾಯ್ಲರನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಹೊಸ ಹಕ್ಕಿಯಲ್ಲಿ ಪ್ರತಿಕಾಯಗಳ (ರೋಗಾಣುಗಳಿಗೆ ಅಂಟಿ ಅವನ್ನು ತಡೆಯುವ, ರಕ್ತದಲ್ಲಿರುವ ವಸ್ತುಗಳ) ಉತ್ಪತ್ತಿ ಕಡಿಮೆಯಿತ್ತು, ದೇಹದ ತೂಕಕ್ಕೆ ಹೋಲಿಸಿದರೆ ರೋಗನಿರೋಧಕ ಅಂಗಗಳೂ ಚಿಕ್ಕವಾಗಿದ್ದವು, ಆದರೆ ಉರಿಯೂತದ ಪ್ರತಿಕ್ರಿಯೆ ಹಳೆಯದಕ್ಕಿಂತ ಜೋರಾಗಿತ್ತು. ಆದ್ದರಿಂದ ಬಾಯ್ಲರಿಗೆ ಶಕ್ತಿಯೇ ಇಲ್ಲ ಎನ್ನುವುದು ಸರಿಯಲ್ಲ. ಅದರ ಶಕ್ತಿಯ ಹಂಚಿಕೆ ಬೇರೆ ಆಗಿದೆ.

ಇನ್ನೊಂದು ಸಂಶೋಧನೆ ನನ್ನ ಮಟ್ಟಿಗೆ ಇದಕ್ಕಿಂತಲೂ ಮುಖ್ಯ. ವರ್ಜೀನಿಯಾದಲ್ಲಿ 1970ರ ದಶಕದಿಂದ ಪಾಲ್ ಸೀಗಲ್ ಮತ್ತು ಸಂಗಡಿಗರು ತೂಕವನ್ನು ನೋಡದೆ ಪ್ರತಿಕಾಯದ ಪ್ರಮಾಣವನ್ನೇ ನೋಡಿ ಕೋಳಿಗಳನ್ನು ಆರಿಸುತ್ತ ಬಂದರು. ಹೆಚ್ಚು ಪ್ರತಿಕಾಯದ ವಂಶ ಗಾತ್ರದಲ್ಲಿ ಚಿಕ್ಕದಾಯಿತು. ಅದು ರಾಣಿಖೇತ್ (ಕೊಕ್ಕರೆ) ರೋಗವನ್ನೂ ಮೈಕೋಪ್ಲಾಸ್ಮಾ ಎಂಬ ಉಸಿರಾಟದ ಸೋಂಕನ್ನೂ ಚೆನ್ನಾಗಿ ತಡೆಯಿತು, ಆದರೆ ಈ-ಕೋಲಿ ಬ್ಯಾಕ್ಟೀರಿಯಕ್ಕೆ ಕಡಿಮೆ ಪ್ರತಿಕಾಯದ ವಂಶಕ್ಕಿಂತ ಬೇಗ ಸೋತಿತು. ಎಲ್ಲ ರೋಗಗಳನ್ನೂ ತಡೆಯುವ ತಳಿ ಎಂದು ಯಾರಾದರೂ ಮರಿ ಮಾರಲು ಬಂದರೆ ಇದನ್ನು ನೆನಪಿಡಿ. ಅಂತಹ ತಳಿ ಇಲ್ಲ.

ಲಕ್ಷಣ: ಮೊದಲ ಎರಡು ವಾರಗಳಲ್ಲಿ ಮರಿಗಳು ಮುದುಡಿ ನಿಂತು ಒಂದೊಂದಾಗಿ ಸಾಯುವುದು

ಇಲ್ಲಿ ತಳಿಯನ್ನು ದೂರುವುದಕ್ಕೆ ಆಧಾರ ತೀರಾ ಕಡಿಮೆ. ಮೊದಲು ಬಲ್ಬಿನ ಕೆಳಗೆ ಮರಿಗಳು ನಿಂತ ರೀತಿಯನ್ನು ನೋಡಿ. ಒಂದರ ಮೇಲೊಂದು ಒತ್ತಿಕೊಂಡಿದ್ದರೆ ಚಳಿ, ಗೋಡೆಯ ಬದಿಗೆ ಸರಿದು ಬಾಯಿ ತೆರೆದಿದ್ದರೆ ಸೆಕೆ, ಎಲ್ಲ ಒಂದೇ ಮೂಲೆಯಲ್ಲಿದ್ದರೆ ಎದುರಿನಿಂದ ಗಾಳಿ ಬೀಸುತ್ತಿದೆ. ಮೊದಲ ವಾರ ಮರಿಗಳ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೇಕು, ಅನಂತರ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಬರಬಹುದು. ಆಟಿಯಲ್ಲಿ ಕರೆಂಟು ಹೋದ ರಾತ್ರಿ ಚಳಿಗೆ ಸಿಕ್ಕ ಮರಿ ಮಾರನೆಯ ದಿನವೇ ಸಾಯಬೇಕೆಂದಿಲ್ಲ, ನಾಲ್ಕೈದು ದಿನ ಕಳೆದು ಹೊಕ್ಕುಳಿನ ಸೋಂಕಿಗೋ ಬೇಧಿಗೋ ಸಾಯಬಹುದು. ಅದಕ್ಕಾಗಿ ಕರೆಂಟು ಹೋದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿಡಿ.

ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮರಿಯ ತಲೆಯ ಎತ್ತರದಲ್ಲಿ ಉಸಿರೆಳೆದುಕೊಳ್ಳಿ. ನಿಂತವರಿಗೆ ತಿಳಿಯದ ಅಮೋನಿಯದ ಘಾಟು ಅಲ್ಲಿ ಕಣ್ಣು ಉರಿಸುವಷ್ಟಿದ್ದರೆ ಮರಿಯ ಶ್ವಾಸನಾಳದ ಒಳಪದರಕ್ಕೆ ಆಗಲೇ ಹಾನಿಯಾಗುತ್ತಿದೆ. ಯಾವ ತಳಿಯಾದರೂ ಆ ಬಾಗಿಲು ತೆರೆದಿಟ್ಟುಕೊಂಡು ಸೋಂಕನ್ನು ತಡೆಯಲಾರದು.

ಲಕ್ಷಣ: ಮೂರು ವಾರ ಕಳೆದ ಮರಿಗಳ ಹಿಕ್ಕೆಯಲ್ಲಿ ರಕ್ತ

ಇದು ಬಹುಪಾಲು ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಈ ರೋಗ ತರುವ ಸೂಕ್ಷ್ಮ ಪರಾವಲಂಬಿಯ ಮೊಟ್ಟೆಗಳಿಗೆ ಬೇಕಾದ ತೇವವೂ ಬೆಚ್ಚನೆಯೂ ಜೂನ್‌ನಿಂದ ಬಿಡದೆ ಸಿಗುತ್ತವೆ. ಹಿಕ್ಕೆಯೊಡನೆ ಹೊರಬಿದ್ದ ಮೊಟ್ಟೆ ಒದ್ದೆ ನೆಲದಲ್ಲಿ ಒಂದೆರಡು ದಿನಗಳಲ್ಲಿ ಸೋಂಕು ತಗಲಿಸುವ ಸ್ಥಿತಿಗೆ ಬರುತ್ತದೆ.

ಒಂದು ಹಿಡಿ ಉಮಿಯನ್ನೋ ಮರದ ಹುಡಿಯನ್ನೋ ನೆಲಹಾಸಿನಿಂದ ಎತ್ತಿ ಬಿಗಿಯಾಗಿ ಅದುಮಿ, ಕೈ ಬಿಡಿಸಿ ನೋಡಿ. ಉದುರಿ ಹೋದರೆ ಸರಿ. ಉಂಡೆಯಾಗಿಯೇ ಉಳಿದರೆ ನೀರಿನ ಪಾತ್ರೆಯ ಸುತ್ತಲಿನದನ್ನು ಅಂದೇ ತೆಗೆದು ಒಣಗಿದ್ದನ್ನು ಹಾಕಿ, ಪಾತ್ರೆಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಏರಿಸಿ. ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಕೊಡಬೇಕು.

ಊರ ಕೋಳಿಯ ಮರಿಗೆ ಇದು ಕಡಿಮೆ ಕಾಣುವುದನ್ನು ತಳಿಯ ಹೆಗ್ಗಳಿಕೆಯೆಂದು ನಮ್ಮಲ್ಲಿ ಹೇಳುವುದಿದೆ. ನನ್ನ ಅಭಿಪ್ರಾಯದಲ್ಲಿ ಅದರ ಬಹುಪಾಲು ಶ್ರೇಯಸ್ಸು ಹೇಂಟೆಯ ಹಿಂದೆ ತೋಟವಿಡೀ ಸುತ್ತುವ ಅಭ್ಯಾಸಕ್ಕೆ ಸೇರಬೇಕು. ಅಲ್ಲಿ ಮರಿಗೆ ಸೋಂಕು ಸ್ವಲ್ಪ ಸ್ವಲ್ಪವೇ ತಗಲಿ ತಡೆಯುವ ಶಕ್ತಿ ಬೆಳೆಯಲು ಸಮಯ ಸಿಗುತ್ತದೆ. ಅದೇ ಊರ ಮರಿಗಳನ್ನು ಐವತ್ತರ ಲೆಕ್ಕದಲ್ಲಿ ಒಂದು ಕೋಣೆಯಲ್ಲಿ ಕೂಡಿಹಾಕಿದರೆ ಅವೂ ರಕ್ತಭೇದಿಗೆ ಸಾಯುತ್ತವೆ.

ಲಕ್ಷಣ: ಲಸಿಕೆ ಹಾಕಿಸಿದ್ದರೂ ಕತ್ತು ತಿರುಚಿ, ಹಸಿರು ಬೇಧಿಯಾಗಿ ಸಾಯುವುದು

ಇದು ರಾಣಿಖೇತ್ ಅಥವಾ ಕೊಕ್ಕರೆ ರೋಗದ ಚಿತ್ರ. ಲಸಿಕೆ ಫಲಿಸಲಿಲ್ಲವೆಂದರೆ ಒಂದೋ ಲಸಿಕೆ ಸತ್ತಿತ್ತು, ಇಲ್ಲವೇ ಕೋಳಿಯ ದೇಹ ಅದಕ್ಕೆ ಓಗೊಡಲಿಲ್ಲ. ತಳಿಯ ಪ್ರಶ್ನೆ ಏಳುವುದು ಎರಡನೆಯದರಲ್ಲಿ, ಅಲ್ಲೂ ಕೊನೆಯಲ್ಲಿ.

ಮೊದಲು ಲಸಿಕೆಯ ಪ್ರಯಾಣವನ್ನು ನೆನಪಿಸಿಕೊಳ್ಳಿ. ಜೀವಂತ ವೈರಸ್ಸಿನ ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಪೇಟೆಯಿಂದ ಬಸ್ಸಿನಲ್ಲಿ ಐಸಿಲ್ಲದೆ ಕಿಸೆಯಲ್ಲಿ ತಂದದ್ದು, ಕಲಸಿದ ಮೇಲೆ ಅರ್ಧ ದಿನ ಇಟ್ಟದ್ದು ಬರಿಯ ನೀರಿಗೆ ಸಮ. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಿ. ಕುಡಿಯುವ ನೀರಿನಲ್ಲಿ ಕೊಡುವುದಾದರೆ ಯಾವ ನೀರು ಎಂಬುದೂ ಮುಖ್ಯ: ಕ್ಲೋರಿನ್ ಬೆರೆತ ನಳ್ಳಿ ನೀರು ಲಸಿಕೆಯ ವೈರಸ್ಸನ್ನು ಕೊಲ್ಲುತ್ತದೆ. ಎಣ್ಮಕಜೆ, ಬಾಯಾರಿನ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರಿರುವ ಮನೆಗಳಿಗೆ ಈ ವಿಷಯದಲ್ಲಿ ಅನುಕೂಲವಿದೆ. ಬ್ಲೀಚಿಂಗ್ ಪುಡಿ ಹಾಕಿದ ಬಾವಿಯಾದರೆ ಕೆಲವು ದಿನ ತಡೆಯಬೇಕು.

ಮರಿಯ ಕಣ್ಣಿಗೆ ಹನಿ ಹಾಕುವಾಗ ಅವಸರ ಮಾಡಿದವರೇ ಹೆಚ್ಚು. ಮರಿಯನ್ನು ಅಂಗೈಯಲ್ಲಿ ಹಿಡಿದು ತಲೆಯನ್ನು ಒಂದು ಬದಿಗೆ ವಾಲಿಸಿ, ಹನಿ ಕಣ್ಣಿನ ಮೇಲೆ ಬಿದ್ದು, ಮರಿ ಒಮ್ಮೆ ರೆಪ್ಪೆ ಮುಚ್ಚಿ ತೆರೆದು, ಆ ಹೊಳಪು ಒಳಗೆ ಇಳಿದು ಮಾಯವಾಗುವವರೆಗೂ ಹಿಡಿದಿರಬೇಕು. ಅಷ್ಟರೊಳಗೆ ಬಿಟ್ಟರೆ ಮರಿ ತಲೆ ಕೊಡವುತ್ತದೆ, ಲಸಿಕೆ ನೆಲಕ್ಕೆ ಬೀಳುತ್ತದೆ. ನಿಮ್ಮ ಕಣ್ಣಿಗೆ ಅದು ಸಿಡಿಯದಂತೆಯೂ ಎಚ್ಚರ ವಹಿಸಿ, ಈ ವೈರಸ್ ಮನುಷ್ಯರ ಕಣ್ಣನ್ನು ಕೆಂಪಗೆ ಊದಿಸಬಲ್ಲದು.

ಹನಿಯೂ ಸರಿ, ಐಸೂ ಸರಿ ಎಂದಾದರೆ ದಿನಾಂಕ ನೋಡಿ. ಮೊದಲ ಲಸಿಕೆ 5ರಿಂದ 7ನೆಯ ದಿನ, ನಾಲ್ಕನೆಯ ವಾರಕ್ಕೆ ಮತ್ತೊಂದು, ಉಳಿಸಿಕೊಳ್ಳುವ ಕೋಳಿಗಳಿಗೆ ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದು ಎಂಬುದು ರೂಢಿಯ ಕ್ರಮ. ಮೊದಲನೆಯದನ್ನು ಹಾಕಿ ಉಳಿದುದನ್ನು ಬಿಟ್ಟಿದ್ದರೆ ಉತ್ತರ ಅಲ್ಲೇ ಇದೆ. ಊರ ಕೋಳಿಗೆ ಲಸಿಕೆ ಬೇಡವೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಲಸಿಕೆ ಕಾಣದ ಹೇಂಟೆಯ ಮರಿಗೆ ತಾಯಿಯಿಂದ ಬರುವ ರಕ್ಷಣೆಯೂ ಇರುವುದಿಲ್ಲ, ಹಳ್ಳಿಯ ಊರ ಕೋಳಿಗಳನ್ನು ಒಮ್ಮೆಲೇ ಗುಡಿಸಿ ಹಾಕುವ ರೋಗ ಇದೇ.

ಇಷ್ಟೂ ಸರಿಯಿದ್ದರೆ ದೇಹ ಓಗೊಡದ ಕಾರಣಗಳಿಗೆ ಬನ್ನಿ. ಆಹಾರದ ಗೋಣಿಯೊಳಗೆ ತೋಳನ್ನು ತಳದವರೆಗೆ ಇಳಿಸಿ ಒಂದು ಹಿಡಿ ತೆಗೆಯಿರಿ. ಬಿಸಿಯಿದ್ದರೆ, ಗಂಟುಗಟ್ಟಿದ್ದರೆ, ಬೂಷ್ಟಿನ ವಾಸನೆ ಬಂದರೆ ಅಫ್ಲಟಾಕ್ಸಿನ್ ವಿಷದ ಅನುಮಾನ ಪಡಬೇಕು. ಮಳೆಗಾಲದಲ್ಲಿ ಮೆಕ್ಕೆಜೋಳ, ಕಡಲೆ ಹಿಂಡಿ, ತೆಂಗಿನ ಹಿಂಡಿ ಮೂರೂ ಇದಕ್ಕೆ ಗುರಿಯಾಗುತ್ತವೆ. ಈ ವಿಷ ಕೋಳಿಯನ್ನು ನೇರವಾಗಿ ಕೊಲ್ಲದಷ್ಟು ಕಡಿಮೆಯಿದ್ದಾಗಲೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಬಿಸಿಲಿಗೆ ಹರಡಿದರೆ ವಾಸನೆ ಹೋಗಬಹುದು, ವಿಷ ಹೋಗುವುದಿಲ್ಲ. ಅಂತಹ ಆಹಾರವನ್ನು ದನಕ್ಕೂ ಹಾಕಬೇಡಿ.

ಎರಡನೆಯ ಕಾರಣ ಗಂಬೋರೊ ಎಂಬ ವೈರಸ್ ರೋಗ. ಕೋಳಿಯ ಮಲದ್ವಾರದ ಮೇಲ್ಬದಿಯಲ್ಲಿ ಬರ್ಸಾ ಎಂಬ ಪುಟ್ಟ ಚೀಲವಿದೆ. 1956ರಲ್ಲಿ ಬ್ರೂಸ್ ಗ್ಲಿಕ್ ಮತ್ತು ಸಂಗಡಿಗರು ಅದನ್ನು ತೆಗೆದ ಕೋಳಿಗಳಲ್ಲಿ ಪ್ರತಿಕಾಯ ಹುಟ್ಟುವುದಿಲ್ಲವೆಂದು ತೋರಿಸಿದರು. ಮನುಷ್ಯರ ರಕ್ತದಲ್ಲಿ ಪ್ರತಿಕಾಯ ತಯಾರಿಸುವ ಬಿ-ಕಣಗಳಿಗೆ ಆ ಹೆಸರು ಬಂದದ್ದು ಕೋಳಿಯ ಈ ಚೀಲದಿಂದಲೇ. ಗಂಬೋರೊ ವೈರಸ್ ಮೂರರಿಂದ ಆರು ವಾರದ ಮರಿಗಳಲ್ಲಿ ಇದನ್ನೇ ಹಿಡಿಯುತ್ತದೆ. ಬಿಳಿ ನೀರಿನಂತಹ ಬೇಧಿ, ನಡುಕ, ತನ್ನ ಮಲದ್ವಾರವನ್ನೇ ಕುಕ್ಕಿಕೊಳ್ಳುವುದು ಅದರ ಗುರುತು. ಬದುಕಿ ಉಳಿದ ಮರಿಗೂ ಆಮೇಲೆ ಹಾಕಿದ ಲಸಿಕೆ ಸರಿಯಾಗಿ ನಾಟುವುದಿಲ್ಲ. ಇಲ್ಲಿ ತಳಿಯ ವ್ಯತ್ಯಾಸ ನಮ್ಮ ಎಣಿಕೆಗೆ ವಿರುದ್ಧವಾಗಿದೆ: ಗಂಬೋರೊದಿಂದ ಸಾಯುವುದು ಭಾರದ ಬಾಯ್ಲರಿಗಿಂತ ಹಗುರ ಮೈಯ, ಮೊಟ್ಟೆಗೆಂದು ಆರಿಸಿದ ಲೆಗಾರ್ನ್ ಹೆಚ್ಚು.

ಲಕ್ಷಣ: ಒಂದು ಕಾಲು ಮುಂದಕ್ಕೆ, ಒಂದು ಹಿಂದಕ್ಕೆ ಚಾಚಿ ಬೀಳುವುದು

ಎರಡು ತಿಂಗಳು ದಾಟಿದ, ಇನ್ನೂ ಮೊಟ್ಟೆಗೆ ಬಾರದ ಹೇಂಟೆ ಹೀಗೆ ಬಿದ್ದು, ತಿನ್ನುವ ಆಸೆಯಿದ್ದೂ ಸೊರಗುತ್ತಿದ್ದರೆ, ವೈರಸ್ಸಿನಿಂದ ನರಗಳು ಕೆಟ್ಟು ಮೈಯೊಳಗೆ ಗಡ್ಡೆಗಳು ಏಳುವ ಮಾರೆಕ್ಸ್ ರೋಗವನ್ನು ನೆನೆಯಬೇಕು. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣ ಬೂದಿಯಾಗಿ, ಅಂಚು ಹರಿದಂತೆ ಕಂಡರೆ ಅನುಮಾನ ಬಲವಾಗುತ್ತದೆ. ಕಾಲಿನ ಗಾಯ, ಕಟ್ಟಿದ ದಾರ, ವಿಟಮಿನ್ ಕೊರತೆ ಇವನ್ನು ಮೊದಲು ನೋಡಿ.

ತಳಿಯ ಪಾತ್ರ ಸ್ಪಷ್ಟವಾಗಿ ತೋರುವ ರೋಗ ಇದು. ಕೋಳಿಯ ರೋಗನಿರೋಧಕ ಜೀನ್‌ಗಳ ಒಂದು ಗುಂಪಿನಲ್ಲಿ ಬಿ-21 ಎಂಬ ರೂಪವಿರುವ ಹಕ್ಕಿಗಳು ಮಾರೆಕ್ಸ್ ರೋಗವನ್ನು ತಡೆಯುತ್ತವೆ, ಬಿ-19 ಇರುವವು ಸುಲಭವಾಗಿ ಬೀಳುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ರಾಂಡಲ್ ಕೋಲ್ 1960ರ ದಶಕದಲ್ಲಿ ಕೆಲವೇ ಪೀಳಿಗೆಗಳ ಆಯ್ಕೆಯಿಂದ ಈ ರೋಗಕ್ಕೆ ಬಗ್ಗದ ಒಂದು ವಂಶವನ್ನೂ ಬಗ್ಗುವ ಇನ್ನೊಂದನ್ನೂ ಬೇರ್ಪಡಿಸಿ ತೋರಿಸಿದರು. ತಳಿ ಆಯ್ಕೆ ಎಂದರೆ ಶಕ್ತಿಯನ್ನು ಕಳೆಯುವುದು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಯಾವುದಕ್ಕಾಗಿ ಆರಿಸುತ್ತೇವೆಯೋ ಅದು ಬರುತ್ತದೆ.

ನೀವು ಮಾಡಬಹುದಾದ್ದು ಇಷ್ಟು: ಮರಿ ಮಾರಿದವರನ್ನು ಒಂದನೆಯ ದಿನವೇ ಮಾರೆಕ್ಸ್ ಲಸಿಕೆ ಹಾಕಿದ್ದಾರೆಯೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈ ಲಸಿಕೆ ಗಡ್ಡೆಗಳನ್ನು ತಡೆಯುತ್ತದೆ, ವೈರಸ್ ಹರಡುವುದನ್ನು ಪೂರ್ತಿ ತಡೆಯುವುದಿಲ್ಲ. ಗರಿಯ ಹುಡಿಯಲ್ಲಿ ವೈರಸ್ ಬಹುಕಾಲ ಉಳಿಯುವುದರಿಂದ ದೊಡ್ಡ ಕೋಳಿಗಳಿದ್ದ ಗೂಡಿಗೆ ತೊಳೆಯದೆ ಹೊಸ ಮರಿ ಬಿಡಬೇಡಿ. ಬಿದ್ದ ಹಕ್ಕಿಗೆ ಚಿಕಿತ್ಸೆ ಇಲ್ಲ.

ಲಕ್ಷಣ: ದಷ್ಟಪುಷ್ಟ ಬಾಯ್ಲರ್ ಇದ್ದಕ್ಕಿದ್ದಂತೆ ಅಂಗಾತ ಬಿದ್ದು ಸಾಯುವುದು, ಹೊಟ್ಟೆಯಲ್ಲಿ ನೀರು ತುಂಬುವುದು

ಇದು ತಳಿಯ ದೋಷವೇ, ಆದರೆ ರೋಗನಿರೋಧಕ ಶಕ್ತಿಯದ್ದಲ್ಲ. ಮೈ ಬೆಳೆದ ವೇಗಕ್ಕೆ ಹೃದಯವೂ ಶ್ವಾಸಕೋಶವೂ ಸಾಟಿಯಾಗದೆ ಹೀಗಾಗುತ್ತದೆ. ಪ್ರತಿಜೈವಿಕ (ಆಂಟಿಬಯೋಟಿಕ್) ಔಷಧ ಇಲ್ಲಿ ಹಣದ ನಷ್ಟ. ಗಾಳಿ ಆಡುವಂತೆ ಮಾಡಿ, ರಾತ್ರಿ ಕೆಲವು ಗಂಟೆ ದೀಪ ಆರಿಸಿ ಬೆಳವಣಿಗೆಯನ್ನು ಸ್ವಲ್ಪ ನಿಧಾನಿಸಿ.

ಲಕ್ಷಣ: ಮನೆಯಲ್ಲೇ ಕಾವಿಗೆ ಕೂರಿಸಿದ ಮರಿಗಳು ವರ್ಷದಿಂದ ವರ್ಷಕ್ಕೆ ಸೊರಗುವುದು

ಮೊಟ್ಟೆ ಒಡೆಯುವುದು ಕಡಿಮೆಯಾಗಿದೆ, ಒಡೆದ ಮರಿಗಳಲ್ಲಿ ಕೆಲವಕ್ಕೆ ಬೆರಳು ಸೊಟ್ಟ, ಸಣ್ಣ ಶೀತಕ್ಕೂ ಮೂಗು ಸೋರುತ್ತದೆ, ಔಷಧ ಹಾಕಿದಷ್ಟು ದಿನ ಸರಿ, ಆಮೇಲೆ ಮತ್ತೆ ಅದೇ. ಇಂತಹ ಗೂಡಿನಲ್ಲಿ ನಾನು ಮೊದಲು ಹುಂಜದ ಚರಿತ್ರೆ ಕೇಳುತ್ತೇನೆ. ಒಂದೇ ಹುಂಜ ನಾಲ್ಕೈದು ವರ್ಷದಿಂದ ಇದ್ದರೆ ಅದು ತನ್ನ ಹೆಣ್ಣುಮರಿಗಳನ್ನೂ ಕೂಡಿರುತ್ತದೆ. ಅಪ್ಪ-ಮಗಳ ಕೂಡಿಕೆಯಲ್ಲಿ, ಒಡಹುಟ್ಟಿದವುಗಳ ಕೂಡಿಕೆಯಲ್ಲೂ, ಮರಿಯ ಜೀನ್‌ಜೋಡಿಗಳಲ್ಲಿ ಸರಾಸರಿ 25 ಪ್ರತಿಶತ ಒಂದೇ ಮೂಲದ ಪ್ರತಿಗಳಾಗುತ್ತವೆ. ಬೇರೆ ಬೇರೆ ರೋಗಾಣುಗಳನ್ನು ಗುರುತಿಸಲು ಜೀನ್‌ಗಳಲ್ಲಿ ವೈವಿಧ್ಯ ಬೇಕು. ಅದು ಕಡಿಮೆಯಾದಂತೆ ಗುರುತು ತಪ್ಪುತ್ತದೆ. ಯಾರೂ ಬೇಕೆಂದು ಮಾಡದ ತಳಿ ಆಯ್ಕೆ ಇದು, ಊರ ಕೋಳಿಯ ಹೆಸರು ಕೆಡಿಸುತ್ತಿರುವುದೂ ಇದೇ.

ಪರಿಹಾರಕ್ಕೆ ಖರ್ಚು ಹೆಚ್ಚಿಲ್ಲ. ವರ್ಷಕ್ಕೊಮ್ಮೆ ನಾಲ್ಕಾರು ಮೈಲಿ ಆಚೆಯ, ಸಂಬಂಧವಿಲ್ಲದ ಹಿಂಡಿನ ಹುಂಜವನ್ನು ಬದಲಿಸಿಕೊಳ್ಳಿ. ತಂದ ಹುಂಜವನ್ನು ಮೂರು ವಾರ ದೂರದಲ್ಲಿ ಕಟ್ಟಿ, ರೋಗವಿಲ್ಲವೆಂದು ಕಂಡಮೇಲೆ ಬಿಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಸಿಕ್ಕಿದರೆ ನಮ್ಮದೇ ಮಲಬಾರಿನ ಕಪ್ಪು ತಲಶ್ಶೇರಿ ಕೋಳಿಯನ್ನು ಸೇರಿಸಿಕೊಳ್ಳುವುದು ನನಗೆ ಮೆಚ್ಚುಗೆಯ ದಾರಿ.

ಗಿರಿರಾಜದಂತಹ ಸುಧಾರಿತ ಕೋಳಿಗಳ ಮೊಟ್ಟೆಯನ್ನು ಕಾವಿಗೆ ಇಟ್ಟು ಅದೇ ಗುಣದ ಮರಿ ನಿರೀಕ್ಷಿಸಬೇಡಿ. ಅವು ಬೇರೆ ಬೇರೆ ವಂಶಗಳನ್ನು ಬೆರೆಸಿ ಮಾಡಿದವು, ಮುಂದಿನ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಮೊಟ್ಟೆ ಆರಿಸುವಾಗ ಇನ್ನೊಂದು ಎಚ್ಚರವೂ ಬೇಕು. ರೋಗ ಬಂದು ಗುಣವಾದ ಹೇಂಟೆಯನ್ನು ಗಟ್ಟಿಯೆಂದು ಹೊಗಳಿ ಅದರ ಮೊಟ್ಟೆಯನ್ನು ಕೂರಿಸುವ ರೂಢಿಯಿದೆ. ಮೈಕೋಪ್ಲಾಸ್ಮಾವೂ ಬಿಳಿ ಬೇಧಿಯ ಸಾಲ್ಮೊನೆಲ್ಲವೂ ಮೊಟ್ಟೆಯೊಳಗಿನಿಂದಲೇ ಮರಿಗೆ ದಾಟುತ್ತವೆ. ಆದ್ದರಿಂದ ಗುಣವಾದದ್ದನ್ನಲ್ಲ, ಎರಡು ಮಳೆಗಾಲ ಔಷಧವಿಲ್ಲದೆ ಕಳೆದು ಒಮ್ಮೆಯೂ ಮುದುಡದ ಹೇಂಟೆಯನ್ನು ಆರಿಸಬೇಕು.

ತಳಿಯನ್ನೇ ಅನುಮಾನಿಸಬೇಕಾದ ಗುರುತು

ಒಂದೇ ಗೂಡು, ಒಂದೇ ನೀರು, ಒಂದೇ ಗೋಣಿಯ ಆಹಾರ, ಒಂದೇ ದಿನದ ಲಸಿಕೆ ಇದ್ದೂ ಒಂದು ತಳಿಯ ಅಥವಾ ಒಂದೇ ತಾಯಿಯ ಮರಿಗಳೇ ಬೀಳುತ್ತಿದ್ದು, ಪಕ್ಕದಲ್ಲೇ ಅದೇ ವಯಸ್ಸಿನ ಇತರ ಮರಿಗಳು ನಿಂತಿದ್ದರೆ, ಮತ್ತು ಇದು ಒಂದಕ್ಕಿಂತ ಹೆಚ್ಚು ತಂಡಗಳಲ್ಲಿ ಮರುಕಳಿಸಿದರೆ ಆಗ ತಳಿಯ ಮಾತಾಡಬಹುದು. ಇದಕ್ಕಾಗಿ ಮರಿಗಳ ಕಾಲಿಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ, ಸತ್ತ ದಿನಾಂಕ, ವಯಸ್ಸು, ದಾರದ ಬಣ್ಣ ಬರೆದಿಡಬೇಕು. ಬೆಳೆದಂತೆ ದಾರ ಬಿಗಿಯಾಗದಂತೆ ಬದಲಿಸುವುದನ್ನು ಮರೆಯಬೇಡಿ. ಈ ಬರಹವಿಲ್ಲದೆ ಯಾವ ವೈದ್ಯರೂ ತಳಿಯ ಬಗ್ಗೆ ಖಚಿತ ಮಾತು ಹೇಳಲಾರರು.

ಮೃಗಾಸ್ಪತ್ರೆಗೆ ಹೋಗುವಾಗ

ಹಿಂಡಿನಲ್ಲಿ ದಿನಕ್ಕಿಷ್ಟರಂತೆ ಸಾವು ಏರುತ್ತಿದ್ದರೆ, ಮೇಲಿನ ಸುಲಭ ಪರೀಕ್ಷೆಗಳಿಂದ ಎರಡು ದಿನದೊಳಗೆ ಬದಲಾವಣೆ ಕಾಣದಿದ್ದರೆ ಮನೆಯ ಪ್ರಯೋಗ ನಿಲ್ಲಿಸಿ. ಅಂಗಡಿಯಲ್ಲಿ ಕೊಟ್ಟ ಪ್ರತಿಜೈವಿಕ ಪುಡಿಯನ್ನು ಊಹೆಯ ಮೇಲೆ ನೀರಿಗೆ ಹಾಕಬೇಡಿ. ವೈರಸ್ಸಿಗೆ ಅದು ನಾಟುವುದಿಲ್ಲ, ರೋಗನಿರ್ಣಯ ಕಷ್ಟವಾಗುತ್ತದೆ, ಔಷಧದ ಅಂಶ ಮೊಟ್ಟೆ ಮಾಂಸಗಳಲ್ಲಿ ಉಳಿಯುತ್ತದೆ. ಕೋಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸುವುದನ್ನು ಭಾರತ ಸರಕಾರ 2019ರಲ್ಲೇ ನಿಷೇಧಿಸಿದೆ. ಯಾವುದೇ ಔಷಧ ಕೊಟ್ಟಿದ್ದರೂ ಮೊಟ್ಟೆಯನ್ನು ಎಷ್ಟು ದಿನ ತಿನ್ನದೆ, ಮಾರದೆ ಇರಬೇಕೆಂದು ಕೇಳಿ ತಿಳಿಯಿರಿ.

ಹಕ್ಕಿಜ್ವರದ ಲಕ್ಷಣವಿಲ್ಲವೆಂದು ವೈದ್ಯರು ಫೋನಿನಲ್ಲಿ ಒಪ್ಪಿದ ಮೇಲೆ, ಆಗಷ್ಟೇ ಸತ್ತ ಒಂದೆರಡು ಹಕ್ಕಿಗಳನ್ನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿ, ಎರಡು ಪದರದ ಚೀಲದಲ್ಲಿ ಕಟ್ಟಿ, ಐಸಿನ ಮೇಲಿಟ್ಟು ಅಂದೇ ಒಯ್ಯಿರಿ. ಫ್ರೀಜರಿನಲ್ಲಿ ಗಟ್ಟಿಯಾಗಿಸಿದರೆ ಅಂಗಗಳ ಸೂಕ್ಷ್ಮ ಗುರುತುಗಳು ಹಾಳಾಗುತ್ತವೆ. ಎಳೆಯ ಮರಿಯಾದರೆ ಬರ್ಸಾವನ್ನು ನೋಡಲು ಕೇಳಿಕೊಳ್ಳಿ: ಊದಿದ್ದರೆ ಗಂಬೋರೊ ಹೊಸದು, ಕುಗ್ಗಿದ್ದರೆ ಬಂದು ಹೋಗಿರಬಹುದು. ಮೊಟ್ಟೆಗೆ ಬಂದ ಕೋಳಿಯಲ್ಲಿ ಅದು ಸಹಜವಾಗಿಯೇ ಕುಗ್ಗಿರುತ್ತದೆ, ಅದರಿಂದ ಏನೂ ತೀರ್ಮಾನಿಸಲಾಗದು. ಬದುಕಿರುವ ಕೋಳಿಗಳ ರಕ್ತದಲ್ಲಿ ಪ್ರತಿಕಾಯದ ಮಟ್ಟ ನೋಡಿಸಿದರೆ ಲಸಿಕೆ ನಾಟಿದೆಯೇ ಎಂಬುದು ತಿಳಿಯುತ್ತದೆ. ಊರ ಕೋಳಿಯದ್ದೂ ಸುಧಾರಿತ ತಳಿಯದ್ದೂ ಬೇರೆ ಬೇರೆ ಮಾದರಿ ಕೊಟ್ಟು, ಯಾವುದು ಯಾವುದೆಂದು ಚೀಟಿ ಅಂಟಿಸಿ, ಲಸಿಕೆಯ ದಿನಾಂಕಗಳಿರುವ ನಿಮ್ಮ ಪುಸ್ತಕವನ್ನೂ ಜೊತೆಗೆ ಒಯ್ಯಿರಿ. ಉಳಿದ ಸತ್ತ ಹಕ್ಕಿಗಳನ್ನು ಬಾವಿ, ಸುರಂಗ, ತೋಡುಗಳಿಂದ ದೂರ, ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂತು, ಕೈಕಾಲು ಸಾಬೂನಿನಿಂದ ತೊಳೆದ ಮೇಲೆಯೇ ಉಳಿದ ಗೂಡಿನ ಬಾಗಿಲು ತೆರೆಯಿರಿ.